ವೈನಿಯ ಎರಡನೇ ಡಿವಿಷನ್

ನ್ಯೂಜೆರ್ಸಿಯ ಮೆಟುಚೆನ್ನಿನ ಆ ಮನೆಯ ಹಜಾರದಲ್ಲಿ ಆ ಶನಿವಾರ ನಾವು ನಾಲ್ಕೇ ಜನ ಇದ್ದೆವು. ಮನೆಯೊಡತಿ ವೈನಿ; ಬೊಂಬಾಯಿಯಿಂದ ಧಾವಿಸಿ ಬಂದಿದ್ದ ಅವರ ಭಾವನವರು, ಅಂದರೆ ತೀರಿಕೊಂಡ ಅವರ ಡಾಕ್ಟರ್ ಗಂಡನ ಒಡಹುಟ್ಟಿದ ಅಣ್ಣ; ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದ ನಮ್ಮತ್ತೆ; ಮತ್ತೆ ವೈನಿಯ ಗೆಳತಿ ನಾನು. ಎಪ್ಪತ್ತರ ದಶಕದ ನಡುವಿನ ಒಂದು ಜನವರಿ. ಮನೆ ಮುಂದಿನ ಹಿಮ ಎತ್ತಿ ಕಾರು ಹೊರತೆಗೆಯುತ್ತೇನೆಂದು ಸಲಿಕೆ ಹಿಡಿದು ಹೋದ ಡಾಕ್ಟರು ಅಲ್ಲೇ ಕುಸಿದು ಹೋಗಿದ್ದರು. ಇನ್ನೂ ಸೂತಕ ಕಳೆದಿರಲಿಲ್ಲ. ಸೋಫಾವನ್ನು ಗೋಡೆಗೆ ಸರಿಸಿ ಕಾರ್ಪೆಟ್ಟಿನ ಮೇಲೆ ಚಾಪೆ ಹಾಸಿದ್ದೆವು. ಡಾಕ್ಟರ ಫೋಟೋ ಮುಂದೆ ದೀಪ ಉರಿಯುತ್ತಿತ್ತು.

ಮಧ್ಯಾಹ್ನವಾಗುತ್ತ ಬಂದಾಗ ವೈನಿ ಎದ್ದರು. ಅಡುಗೆಮನೆಯ ಕಿಟಕಿಯಲ್ಲಿದ್ದ ಹಳೆಯ ರೇಡಿಯೋವನ್ನು ಎರಡೂ ಕೈಯಲ್ಲಿ ಎತ್ತಿ ತಂದು ನೆಲದ ಮೇಲಿಟ್ಟರು. ಅದರ ತಂತಿಯನ್ನು ಕಿಟಕಿಯ ಸಂದಿನಿಂದ ಹೊರಗೆ ಬಿಟ್ಟು ಗುಂಡಿ ತಿರುಗಿಸತೊಡಗಿದರು.

"ಏನಿದು? ಸೂತಕದ ಮನ್ಯಾಗ ರೇಡಿಯೋ ಹಚ್ಚತೀಯೇನು?" ಎಂದರು ಭಾವನವರು.

"ಐದ ನಿಮಿಷ, ಭಾವನವರ. ಐದ ನಿಮಿಷ ಅಷ್ಟ."

ಗರಗರ ಸದ್ದಿನ ನಡುವಿನಿಂದ ಲಂಡನ್ನಿನ ಗಂಡಸಿನ ದನಿಯೊಂದು ಮೇಲೆದ್ದು ಬಂತು. ಊರಿನ ಹೆಸರು, ಅಂಕಿ. ಇನ್ನೊಂದು ಊರಿನ ಹೆಸರು, ಅಂಕಿ. ಒಂದೇ ಹದದಲ್ಲಿ, ಅವಸರವಿಲ್ಲದೆ, ಒಂದು ಸಲ ದನಿ ಏರಿಸಿ ಮತ್ತೊಂದು ಸಲ ಇಳಿಸಿ ಆತ ಓದುತ್ತಲೇ ಹೋದ. ನಮ್ಮತ್ತೆಗೆ ಇಂಗ್ಲಿಷಿನ ಗಂಧವಿರಲಿಲ್ಲ. ಮೊದಲ ನಾಲ್ಕು ಹೆಸರು ಕೇಳಿದವರೇ ಸೆರಗು ಹೊದ್ದು ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ ಕೈ ಮುಗಿದರು. ಓದು ಮುಗಿದ ಮೇಲೆ ಮುಗಿದ ಕೈಯನ್ನು ಕಣ್ಣಿಗೊತ್ತಿಕೊಂಡರು.

"ಎಷ್ಟು ಶ್ರದ್ಧೆಯಿಂದ ಓದಿದ ಪುಣ್ಯಾತ್ಮ! ನಮ್ಮಲ್ಲಿ ಪುರೋಹಿತರು ಗಡಿಬಿಡಿ ಮಾಡಿ ಅರ್ಧ ನುಂಗಿಬಿಡ್ತಾರೆ. ಸಾವಿನ ಮನೇಲಿ ನಾಮಾವಳಿ ಕೇಳೋ ಪದ್ಧತಿ ಈ ದೇಶದಲ್ಲೂ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ."

ಭಾವನವರು ಬೊಂಬಾಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಅಲ್ಲಿ ಏನು ಓದಿದರೆಂಬುದು ಅವರಿಗೆ ಅಕ್ಷರ ಅಕ್ಷರ ತಿಳಿದಿತ್ತು. "ಅಮ್ಮಾ, ಅದು ನಾಮಾವಳಿ ಅಲ್ಲರೀ. ಫುಟ್ಬಾಲ್..." ಎಂದು ಶುರು ಮಾಡಿದರು.

ನಮ್ಮತ್ತೆ ಬಿಡಲಿಲ್ಲ. "ಸುಮ್ನಿರಿ. ಓದಿದೋರಿಗೆ ಎಲ್ಲದರಲ್ಲೂ ಹುಳುಕು ಕಾಣುತ್ತೆ. ಗಂಡನ್ನ ಕಳಕೊಂಡ ಹೆಣ್ಣುಮಗಳು ಐದು ನಿಮಿಷ ದೇವರ ಹೆಸರು ಕೇಳ್ತೀನಿ ಅಂದ್ರೆ ಅಡ್ಡ ಬರ್ತೀರಲ್ಲ, ಚೆಂದವಾ ಇದು?"

ವೈನಿ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದು ಒಳಗೆ ಹೋದರು. ಅತ್ತರೋ ನಕ್ಕರೋ ನನಗೆ ಇವತ್ತಿಗೂ ಗೊತ್ತಿಲ್ಲ. ರೇಡಿಯೋದಲ್ಲಿ ಓದಿದ್ದು ಇಂಗ್ಲೆಂಡಿನ ಫುಟ್ಬಾಲ್ ಪಂದ್ಯಗಳ ಫಲಿತಾಂಶ; ಅವರ ತಂಡ ಅಂದು ಸೋತಿತ್ತು.

ಇದೆಲ್ಲ ಹಳೆಯ ಮಾತು; ಈಗ ಹೋದ ಚಳಿಗಾಲದಲ್ಲಿ ವೈನಿಯೂ ತೀರಿಕೊಂಡರು. ಅವರಿಗೆ ಅಪ್ಪ-ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು, ಆದರೆ ಅದನ್ನು ಕರೆದವರನ್ನು ನಾನು ಕಾಣೆ. ಡಾಕ್ಟರನ್ನು ಅಣ್ಣ ಎನ್ನುತ್ತಿದ್ದ ಧಾರವಾಡದ ಹುಡುಗರು ಇವರನ್ನು ವೈನಿ ಎಂದರು. ಅಣ್ಣನ ಹೆಂಡತಿಯನ್ನು ಆ ಕಡೆ ಕರೆಯುವುದು ಹಾಗೆ. ಅವರ ಬಾಯಿಂದ ಕೇಳಿ ಮೈಸೂರಿನ ನಾವೂ ವೈನಿ ಎಂದೆವು. ಕೊನೆಗೆ ಪಕ್ಕದ ಮನೆಯ ಇಟಲಿಯ ಮುದುಕನೂ ಬೇಲಿಯಾಚೆಯಿಂದ "ವೈನಿ!" ಎಂದು ಕೂಗಿ ಟೊಮ್ಯಾಟೋ ಕೊಡುತ್ತಿದ್ದ.

ಅವರು ಅಮೆರಿಕಕ್ಕೆ ನೇರವಾಗಿ ಬಂದವರಲ್ಲ. ಮದುವೆಯಾದ ಹೊಸತರಲ್ಲಿ ಡಾಕ್ಟರಿಗೆ ಉತ್ತರ ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಗಳ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು. ಅಲ್ಲಿ ಕೆಲವು ವರ್ಷ ಕಳೆದು, ಅರವತ್ತರ ದಶಕದ ಕೊನೆಗೆ ನ್ಯೂಜೆರ್ಸಿಗೆ ಬಂದರು. ಆ ಗಿರಣಿ ಊರಿನಲ್ಲಿ ಶನಿವಾರ, ಭಾನುವಾರವೆಂದರೆ ಡಾಕ್ಟರಿಗೆ ಡ್ಯೂಟಿ. ವೈನಿ ಆ ಹೊಗೆ ಹಿಡಿದ ಇಟ್ಟಿಗೆ ಮನೆಯಲ್ಲಿ ಒಬ್ಬರೇ. ಮುಂದಿನದನ್ನು ಅವರ ಬಾಯಲ್ಲೇ ಕೇಳಬೇಕು. ನಾನು ಹತ್ತಾರು ಸಲ ಕೇಳಿದ್ದೇನೆ.

"ಗ್ವಾಡಿ ನೋಡಿ ನೋಡಿ ಸಾಕಾಗಿತ್ತು ನೋಡ್ರಿ. ಒಂದ ಶನಿವಾರ ಬಾಜೂ ಮನಿ ಮುದುಕಿ ಬಂದು ಬಾಗಲಾ ಬಡದ್ಲು. ಗಂಡ ಸತ್ತಾಕಿ, ಗಿರಣ್ಯಾಗ ದುಡದಾಕಿ. 'ಕೋಟ್ ಹಾಕ್ಕೋ, ನಡಿ' ಅಂದ್ಲು. ಎಲ್ಲಿಗೆ ಅಂತ ಕೇಳ್ಳಿಕ್ಕೆ ನನಗ ಇಂಗ್ಲಿಷ್ ಎಲ್ಲಿ ಬರತಿತ್ತು? ಗುಡಿಗೆ ಕರ್ಕೊಂಡು ಹೊಂಟಾಳ ಅಂತ ತಿಳದು ಕುಂಕುಮಾ ತಿದ್ದಿಕೊಂಡು ಹೊಂಟೆ. ಓಣಿಗೆ ಓಣಿನೇ ಒಂದ ದಿಕ್ಕಿಗೆ ಹೊಂಟಿತ್ತು. ಹೌದು, ಜಾತ್ರಿನೇ ಇರಬೇಕು ಅಂದೆ. ಒಳಗ ಹೋಗಿ ನೋಡಿದ್ರ ದೇವರಿಲ್ಲ, ಹುಲ್ಲು ಅದ!"

ಸೀರೆಯ ಮೇಲೆ ಓವರ್‌ಕೋಟು, ಕಾಲಿಗೆ ಡಾಕ್ಟರ ಉಣ್ಣೆ ಸಾಕ್ಸು. ಮೈದಾನದ ಮೆಟ್ಟಿಲ ಮೇಲೆ ಗಿರಣಿಯವರ ನಡುವೆ ನಿಂತು ವೈನಿ ಫುಟ್ಬಾಲ್ ಆಟ ನೋಡಿದರು. ಅಲ್ಲಿಂದ ತಂಡ ಊರಲ್ಲಿ ಆಡಿದ ಶನಿವಾರ ತಪ್ಪಿಸಿದ್ದಿಲ್ಲ. ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಉಳಿದವರು ಮಾಂಸ ತುಂಬಿದ ಬಿಸಿ ತಿಂಡಿ ತಿಂದರೆ ಇವರು ಡಬ್ಬಿ ತೆಗೆದು ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದರು. ಮುದುಕಿಗೂ ಒಂದು ಹಿಡಿ. ಆಕೆ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮತ್ತೆ ಕೈ ಒಡ್ಡುತ್ತಿದ್ದಳಂತೆ.

ಇಂಗ್ಲಿಷು ಕಲಿತದ್ದೂ ಆ ಮೆಟ್ಟಿಲ ಮೇಲೆಯೇ. ಹಾಗಾಗಿ ಅವರ ಇಂಗ್ಲಿಷು ನಮ್ಮ ಕಾನ್ವೆಂಟಿನದಲ್ಲ, ಅಮೆರಿಕದ್ದೂ ಅಲ್ಲ. ಉತ್ತರ ಇಂಗ್ಲೆಂಡಿನ ಗಿರಣಿ ಇಂಗ್ಲಿಷು. ಅಲ್ಲಿ ಗುರುತಿಲ್ಲದವರನ್ನೂ "ಲವ್" ಎಂದು ಕರೆಯುವುದು ರೂಢಿ. ಒಮ್ಮೆ ಬಸ್ ಹತ್ತುವಾಗ ಆರಡಿ ಎತ್ತರದ ಡ್ರೈವರಿಗೆ ವೈನಿ, ಇಷ್ಟಗಲ ಕುಂಕುಮವಿಟ್ಟವರು, "ವುಡ್‌ಬ್ರಿಡ್ಜ್, ಲವ್" ಎಂದುಬಿಟ್ಟರು. ಅವನು ಒಂದು ಗಳಿಗೆ ಬಸ್ ಹೊರಡಿಸುವುದನ್ನೇ ಮರೆತ. ಪಕ್ಕದಲ್ಲಿ ನಿಂತಿದ್ದ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ವೈನಿ ಮಾತ್ರ ಸೀಟಿನಲ್ಲಿ ಕುಳಿತು, "ಭಾಳ ಛಲೋ ಮನಶಾ" ಎಂದರು.

ಇವರು ಇಂಗ್ಲೆಂಡ್ ಬಿಡುವ ಹೊತ್ತಿಗೆ ಆ ತಂಡ ಮೊದಲ ಡಿವಿಷನ್ನಿನಿಂದ ಜಾರಿ ಎರಡನೆಯದಕ್ಕೆ ಇಳಿದಿತ್ತು. ಹಾಗೆಂದರೇನೆಂದು ನಾನು ಕೇಳಿದ್ದೆ.

"ನಿಮ್ಮ ಸಾಲ್ಯಾಗ ಎ ಸೆಕ್ಷನ್, ಬಿ ಸೆಕ್ಷನ್ ಇರಲಿಲ್ಲೇನು? ಹಂಗ. ವರ್ಷದ ಕೊನೀಗೆ ಮ್ಯಾಲಿನ ಮೂರು ಟೀಮು ಎ ಸೆಕ್ಷನ್‌ಗೆ ಹೋಗತಾವು. ಕೆಳಗಿನ ಮೂರು ಸಿ ಸೆಕ್ಷನ್‌ಗೆ ಬೀಳತಾವು. ನಾವು ಸದ್ಯೇಕ ಬಿ ಸೆಕ್ಷನ್ದಾಗ ಇದ್ದೀವಿ."

ಯಾವಾಗಲೂ "ನಾವು" ಎಂದೇ ಹೇಳುತ್ತಿದ್ದರು. ನಾವು ಗೆದ್ದಿವಿ, ನಮ್ಮ ಗೋಲ್‌ಕೀಪರ್‌ಗೆ ಕಾಲು ನೋವಾಗೇದ, ನಮ್ಮದು ಡ್ರಾ. ಎರಡನೇ ಡಿವಿಷನ್ನಿನ ಬಗ್ಗೆ ಯಾರಾದರೂ ನಕ್ಕರೆ, "ಅಲ್ಲೂ ಹನ್ನೊಂದ ಮಂದಿನೇ ಆಡತಾರ" ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದರು.

ಅಮೆರಿಕದ ಪತ್ರಿಕೆಗಳಲ್ಲಿ ಈ ಸುದ್ದಿ ಎಲ್ಲಿ ಬರಬೇಕು? ಅದಕ್ಕೇ ರೇಡಿಯೋ. ಅಂಕಿ ಕೇಳುವ ಮೊದಲೇ ವೈನಿಗೆ ಫಲ ಗೊತ್ತಾಗಿಬಿಡುತ್ತಿತ್ತು. ಓದುವವನು ಎರಡನೇ ಊರಿನ ಹೆಸರಿಗೆ ಬಂದಾಗ ದನಿ ಇಳಿಸಿದರೆ ಆ ಊರು ಸೋತಂತೆ, ಏರಿಸಿದರೆ ಗೆದ್ದಂತೆ, ಸಮ ಇಟ್ಟರೆ ಡ್ರಾ. ಡಾಕ್ಟರು ಆಟದ ಗೊಡವೆಗೆ ಹೋದವರಲ್ಲ. ಸಂಜೆ ಬಂದು ಶೂ ಬಿಚ್ಚುತ್ತ, "ಏನಾತು?" ಎಂದಷ್ಟೇ ಕೇಳುತ್ತಿದ್ದರು. ಸೋತಿವಿ ಎಂದರೆ ಅಂದಿನ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಚಕಾರ ಎತ್ತದೆ ಉಣ್ಣುತ್ತಿದ್ದರು. ಗಂಡ-ಹೆಂಡಿರ ಪ್ರೀತಿಯನ್ನು ನಾನು ಬಹಳ ಬಗೆಯಲ್ಲಿ ಕಂಡಿದ್ದೇನೆ. ಇದು ಅವರ ಬಗೆ.

ಅವರಿಗೆ ಮಕ್ಕಳಿರಲಿಲ್ಲ. ಡಾಕ್ಟರ ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ಭಾವನವರು ಮಾತು ತೆಗೆದರು. ನಾನು ಪಾತ್ರೆ ಒರೆಸುತ್ತ ಅಡುಗೆಮನೆಯಲ್ಲಿದ್ದೆ, ನಡುವೆ ಬಾಗಿಲಿರಲಿಲ್ಲ.

"ಮನಿ ಖಾಲಿ ಮಾಡು. ಸಾಮಾನು ಇವರಿಗೆಲ್ಲಾ ಕೊಟ್ಟು ಬಿಡು. ಅಸ್ಥಿ ತಗೊಂಡು ಇಬ್ಬರೂ ಕೂಡೇ ಹೋಗೂಣು. ತಿಂಗಳ ತಿಂಗಳ ಮಾಸಿಕ ಆಗಬೇಕು. ಇಲ್ಲೆ ಭಟ್ಟರಿಲ್ಲ, ಬಳಗಿಲ್ಲ. ನಿನಗ ಇಲ್ಲೆ ಯಾರ ಅದಾರ?"

ಅವರು ಕೆಟ್ಟವರಾಗಿರಲಿಲ್ಲ. ತಮ್ಮನ ಬೂಟುಗಳನ್ನು ಗ್ಯಾರೇಜಿನಲ್ಲಿ ಕಂಡು, ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ನೋಡಿದ್ದೇನೆ. ತಮ್ಮನ ಹೆಂಡತಿಯನ್ನು ಪರದೇಶದಲ್ಲಿ ಒಂಟಿಯಾಗಿ ಬಿಟ್ಟು ಬಂದ ಎನ್ನಿಸಿಕೊಳ್ಳಲು ಅವರಿಂದಾಗುತ್ತಿರಲಿಲ್ಲ, ಅಷ್ಟೇ.

ವೈನಿ ಹೇಳಿದರು: "ಸೀಸನ್ ಮುಗೀಲಿ, ಭಾವನವರ. ಆಮ್ಯಾಲೆ ಹೇಳತೀನಿ."

"ಯಾವ ಸೀಸನ್?"

"ಫುಟ್ಬಾಲ್ ಸೀಸನ್. ಏಪ್ರಿಲ್ ಕೊನೀಗೆ ಮುಗೀತದ. ಅಲ್ಲೀತನಕ ನನಗ ಯಾರೂ ಏನೂ ಕೇಳಬ್ಯಾಡ್ರಿ."

ಭಾವನವರು ಅಡುಗೆಮನೆಯ ಕಡೆ ತಿರುಗಿ, ಇವಳಿಗೆ ಏನಾಗಿದೆ ಎಂಬಂತೆ ನನ್ನ ಮುಖ ನೋಡಿದರು. ದುಃಖದಲ್ಲಿ ಬುದ್ಧಿ ಒಂದಿಷ್ಟು ಅತ್ತಿತ್ತ ಆಗಿದೆ, ಸರಿಹೋಗುತ್ತದೆ ಎಂದುಕೊಂಡಿರಬೇಕು. ಒಪ್ಪಿದರು. ಅಸ್ಥಿಯನ್ನು ತಾವೇ ತೆಗೆದುಕೊಂಡು ಹೊರಟರು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ವೈನಿ ಹಿಮದಲ್ಲಿ ಬರಿಗಾಲಿನಲ್ಲಿ ನಿಂತಿದ್ದರು. ನಾನು ಚಪ್ಪಲಿ ಹಿಡಿದು ಓಡಿದೆ.

ಜನ ಸುಮ್ಮನಿರುತ್ತಾರೆಯೇ? ಈಸ್ಟ್ ಬ್ರನ್ಸ್‌ವಿಕ್ಕಿನಲ್ಲಿ ಒಂದು ಮನೆಯ ನಾಮಕರಣಕ್ಕೆ ಹೋಗಿದ್ದಾಗ ಪಲಾವಿನ ಸಾಲಿನಲ್ಲಿ ಹಿಂದಿನವರು ಆಡಿದ್ದು ಕಿವಿಗೆ ಬಿತ್ತು. "ಗಂಡನ ಅಸ್ಥಿ ಯಾರ ಕೈಗೋ ಕೊಟ್ಟು, ಇವರು ಫುಟ್ಬಾಲ್ ಕೇಳ್ತಾ ಕೂತಿದಾರಂತೆ. ಇಮ್ಯಾಜಿನ್ ಮಾಡ್ಕೊಳ್ಳಿ!" ವೈನಿಯ ಮನೆಗೆ ಬಂದು ನಾನು ಅದನ್ನು ಸಿಟ್ಟಿನಿಂದ ಹೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮ ಸೋದರತ್ತಿ ಒಬ್ಬಾಕಿ ಇದ್ಲು, ಧಾರವಾಡದಾಗ" ಎಂದರು. "ಸಣ್ಣ ವಯಸ್ಸಿನ್ಯಾಗ ಗಂಡ ಹೋದ. ಅಡಗಿಮನಿ ಹಿಂದಿನ ಖೋಲಿ ಕೊಟ್ಟಿದ್ರು. ಯಾರೂ ಬೈತಿರಲಿಲ್ಲ, ಹೊಡೀತಿರಲಿಲ್ಲ. ಎಲ್ಲಾರ ಬಾಣಂತನಾ ಆಕಿನೇ ಮಾಡಿದ್ಲು, ನನ್ನೂ ಆಕಿನೇ ಎರೆದು ಬೆಳಸಿದ್ಲು. ಆದ್ರ ಆಕೀಗೆ ಸೋಮವಾರ ಏನು, ಗುರುವಾರ ಏನು? ಎಲ್ಲಾ ಒಂದ. ಆಕೀಗಂತ ಒಂದು ವಾರ ಇರಲಿಲ್ಲ. ನನಗ ಶನಿವಾರ ಅದ. ಅದನ್ನ ಬಿಟ್ಟು ಹೋಗ್ಲೋ ಬ್ಯಾಡೋ ಅಂತ ವಿಚಾರ ಮಾಡ್ಲಿಕ್ಕೆ ವ್ಯಾಳ್ಯಾ ಬೇಕು. ಅಷ್ಟ ಕೇಳೀನಿ."

ಆ ಮೇಲೆ ನಾನು ಯಾರ ಮಾತನ್ನೂ ಅವರವರೆಗೆ ಒಯ್ಯಲಿಲ್ಲ.

ಫೆಬ್ರವರಿಯಲ್ಲಿ ಅವರು ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಶುರು ಮಾಡಿದರು. ಗ್ಯಾರೇಜಿನಲ್ಲಿ ನಿಂತಿದ್ದ ಡಾಕ್ಟರ ಕಾರೆಂದರೆ ಸಣ್ಣ ಹಡಗು. ಭಾನುವಾರ ಬೆಳಿಗ್ಗೆ ಮೆಟುಚೆನ್ನಿನ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗ್ ಖಾಲಿ ಬಿದ್ದಿರುತ್ತಿತ್ತು. ದಿನವೂ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವವರೆಲ್ಲ ಮಲಗಿರುತ್ತಿದ್ದರು. ವೈನಿ ಸೀರೆಯ ನೆರಿಗೆಯನ್ನು ಮೊಳಕಾಲಿನ ಮೇಲೆ ಎತ್ತಿ ಸಿಕ್ಕಿಸಿ, ದಿಂಬಿನ ಮೇಲೆ ಕೂತು, ಸ್ಟಿಯರಿಂಗನ್ನು ರೊಟ್ಟಿ ಬಡಿಯುವವರಂತೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಮೊದಲ ದಿನವೇ ಕಸದ ಡಬ್ಬಿಯೊಂದನ್ನು ಉರುಳಿಸಿದರು.

"ವೈನಿ, ಬ್ರೇಕು! ಬ್ರೇಕು!"

"ಒದರಬ್ಯಾಡ್ರಿ. ಅದು ನಿಲ್ಲಬಾರದ ಜಾಗಾದಾಗ ನಿಂತಿತ್ತು, ಆಫ್‌ಸೈಡ್!"

ಆ ಚಳಿಗಾಲದಲ್ಲಿ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅಂದು. ನಗು ಬಂದದ್ದೇ ತಡ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎಂಜಿನ್ ಚಾಲೂ ಇತ್ತು. ನಾನು ಕೈ ಚಾಚಿ ಕೀಲಿ ತಿರುಗಿಸಿ ನಿಲ್ಲಿಸಿದೆ. ಎಷ್ಟೋ ಹೊತ್ತಿನ ಮೇಲೆ ಅವರೇ ಮತ್ತೆ ಚಾಲೂ ಮಾಡಿ, "ಇನ್ನೊಂದ ಸುತ್ತು" ಎಂದರು.

ಮಾರ್ಚಿನಲ್ಲಿ ಡಾಕ್ಟರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯವರು ಟೆಲಿಫೋನ್ ಬೋರ್ಡಿಗೆ ಜನ ಬೇಕೆಂದಾಗ ವೈನಿ ಹೋಗಿ ಕೂತರು. ಮ್ಯಾಟ್ರಿಕ್ ಆಗಿದ್ದವರು, ಅದುವರೆಗೆ ಹೊರಗೆ ದುಡಿದವರಲ್ಲ. ಗಾಬರಿಯಾಗಿ ಫೋನ್ ಮಾಡಿದವರಿಗೆ ಆ ಕಡೆಯಿಂದ ಉತ್ತರ ಇಂಗ್ಲೆಂಡಿನ ದನಿಯೊಂದು, "ತಡಿ ಲವ್, ಕೊಡತೀನಿ" ಎಂಬ ಅರ್ಥದ ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಿತ್ತು. ಅದನ್ನು ಕೇಳಿದ ಎಷ್ಟೋ ಜನ ಅಲ್ಲಿ ಕೆಂಪು ಕೂದಲಿನ ದಪ್ಪನೆಯ ಹೆಂಗಸು ಕೂತಿದ್ದಾಳೆಂದು ತಿಳಿದಿದ್ದರಂತೆ.

ಇತ್ತ ತಂಡ ಮಾತ್ರ ಇಳಿಯುತ್ತಲೇ ಹೋಯಿತು. ಜನವರಿಯಲ್ಲಿ ಹದಿನೈದನೇ ಸ್ಥಾನದ ಆಸುಪಾಸಿನಲ್ಲಿದ್ದದ್ದು ಏಪ್ರಿಲಿನ ಹೊತ್ತಿಗೆ ಕೆಳಗಿನ ಮೂರಕ್ಕೆ ಜಾರಿತ್ತು. ಪ್ರತಿ ಶನಿವಾರ ನಾನೂ ನಮ್ಮತ್ತೆಯೂ ಹೋಗಿ ರೇಡಿಯೋ ಮುಂದೆ ಕೂರುತ್ತಿದ್ದೆವು. ನಮ್ಮತ್ತೆ ಸ್ನಾನ ಮಾಡಿ, ಮಡಿಯುಟ್ಟು ಬರುತ್ತಿದ್ದರು. ನಿಜ ಏನೆಂದು ಅವರಿಗೆ ತಿಳಿಸಲು ವೈನಿ ಬಿಡಲಿಲ್ಲ. "ಮುದುಕರು ಕೈ ಮುಗದ್ರ ನಮ್ಮ ಟೀಮಿಗೇನು ಲುಕ್ಸಾನೇನು?" ಎನ್ನುತ್ತಿದ್ದರು.

ಸೀಸನ್ನಿನ ಕೊನೆಯ ಶನಿವಾರ ಬಂತು. ಗೆದ್ದರೆ ಎರಡನೇ ಡಿವಿಷನ್ನಿನಲ್ಲಿ ಉಳಿಯುತ್ತಾರೆ. ಡ್ರಾ ಆದರೆ ಸಾಲದು. ವೈನಿ ಕೇಳಿದ್ದ ಗಡುವು ಭಾವನವರಿಗೆ ನೆನಪಿತ್ತು. ಅಂದೇ ಬೊಂಬಾಯಿಯಿಂದ ಟ್ರಂಕ್ ಕಾಲ್ ಬುಕ್ ಮಾಡಿರುವುದಾಗಿ ಮೊದಲೇ ತಿಳಿಸಿದ್ದರು. ವೈನಿಯ ಉತ್ತರ ಏನೆಂದು ನನಗೂ ಗೊತ್ತಿರಲಿಲ್ಲ. ತಂಡ ಗೆದ್ದರೆ ವೈನಿ ಇಲ್ಲೇ ಉಳಿಯುತ್ತಾರೆ, ಸೋತರೆ ಹೊರಡುತ್ತಾರೆ ಎಂದು ನಾನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ನಮ್ಮತ್ತೆ ಕಣ್ಣು ಮುಚ್ಚಿ ಕೂತಾಗ, ಒಳ್ಳೆಯದಾಗಲಿ ಎಂದು ನಾನೂ ಕೈ ಮುಗಿದೆ.

ಹವೆ ಸರಿಯಿರಲಿಲ್ಲ. ರೇಡಿಯೋ ದನಿ ಅಲೆಯಂತೆ ಬಂದು ಬಂದು ಹೋಗುತ್ತಿತ್ತು. ಮೊದಲ ಡಿವಿಷನ್ ಮುಗಿಯಿತು. ಎರಡನೆಯದು ಶುರುವಾಯಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾನು ಏಳಹೋದೆ. ವೈನಿ ಕೈಯೆತ್ತಿ ತಡೆದರು. ತಂಡದ ಆಟ ಅಂದು ಹೊರ ಊರಿನಲ್ಲಿತ್ತು. ಅವರ ಊರಿನ ಹೆಸರು ಎರಡನೆಯದಾಗಿ ಬರಬೇಕು. ಮೊದಲನೆಯ ಹೆಸರು ಬಂತು, ಅಂಕಿ ಬಂತು. ಎರಡನೆಯ ಹೆಸರಿಗೆ ಆ ಪುಣ್ಯಾತ್ಮ ದನಿ ಇಳಿಸಿದ. ಅಂಕಿ ಬರುವ ಮೊದಲೇ ವೈನಿ ರೇಡಿಯೋ ಆರಿಸಿದರು.

ಎದ್ದು ಹೋಗಿ ಫೋನ್ ಎತ್ತಿದರು. ಆ ಕಾಲದ ಟ್ರಂಕ್ ಕಾಲೆಂದರೆ ಕೂಗಿಯೇ ಮಾತಾಡಬೇಕು.

"ಹೌದ್ರಿ, ಮುಗೀತು... ಸೋತಿವಿ. ಮೂರನೇ ಡಿವಿಷನ್‌ಗೆ ಬಿದ್ದಿವಿ, ಭಾವನವರ." ಆ ಕಡೆಯವರು ಏನೋ ಹೇಳಿದರು. ವೈನಿ ಕೇಳಿಸಿಕೊಂಡರು. "ಇಲ್ಲ, ನಾ ಬರೂದಿಲ್ಲ... ಹೌದು, ಒಬ್ಬಾಕಿನ. ವಿಚಾರ ಮಾಡೇ ಹೇಳ್ಲಿಕತ್ತೀನಿ... ಬಿದ್ರೇನಾತು? ಮತ್ತ ಆಗಸ್ಟಿನ್ಯಾಗ ಆಡತಾರಲ್ಲ. ಬಿದ್ದವರು ಆಟಾ ಬಿಡಬೇಕಂತ ಎಲ್ಲೂ ನಿಯಮ ಇಲ್ಲ." ಆ ಕಡೆ ಭಾವನವರು ಅಳುತ್ತಿದ್ದಾರೆಂದು ವೈನಿಯ ಮುಖ ನೋಡಿಯೇ ತಿಳಿಯಿತು. "ನೀವು ಬಿಟ್ಟು ಹೋದ್ರಿ ಅಂತ ಯಾರರ ಅಂದ್ರ, ನಾನೇ ಕಳಿಸಿದೆ ಅಂತ ಹೇಳ್ರಿ. ಊಟಾ ಆತೇನು? ಹೊತ್ತಾತು, ಊಟಾ ಮಾಡ್ರಿ."

ಫೋನ್ ಇಟ್ಟು ಬಂದು ನಮ್ಮ ಮುಂದೆ ಕೂತರು. ನಮ್ಮತ್ತೆ ಕಣ್ಣು ತೆರೆದು, "ಇವತ್ತು ಯಾಕಮ್ಮ ಪೂರ್ತಿ ಕೇಳಲಿಲ್ಲ?" ಎಂದರು.

"ನಮ್ಮದು ಆಗಿತ್ತಲ್ರೀ, ಅಮ್ಮಾ" ಎಂದರು ವೈನಿ. ಆಮೇಲೆ ಮುದುಕಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ನಮ್ಮತ್ತೆ ಏನೂ ಕೇಳದೆ ಬೆನ್ನು ಸವರಿದರು. ಅಂದು ಮೂವರಿಗೂ ನಾನೇ ಅಡುಗೆ ಮಾಡಿದೆ.

ಭಾವನವರು ಎರಡು ವರ್ಷ ಮಾತು ಬಿಟ್ಟಿದ್ದರು. ಮೂರನೆಯ ಬೇಸಿಗೆಯಲ್ಲಿ ಅವರ ಮಗಳಿಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದಲು ಸೀಟು ಸಿಕ್ಕಿತು. ಹುಡುಗಿಯನ್ನು ಮನೆಯಲ್ಲಿ ಇಳಿಸಿಕೊಳ್ಳುತ್ತೀಯಾ ಎಂದು ಅವರು ವೈನಿಯನ್ನಲ್ಲದೆ ಬೇರೆ ಯಾರನ್ನೂ ಕೇಳಲಿಲ್ಲ. ವೈನಿ ಒಬ್ಬರೇ ಆ ದೊಡ್ಡ ಕಾರನ್ನು ನ್ಯೂಯಾರ್ಕಿನ ಸೇತುವೆಗಳ ಮೇಲೆ ಓಡಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ ಅವಳನ್ನು ಕರೆತಂದರು. ಹುಡುಗಿ ದಾರಿಯಲ್ಲೇ ನಿದ್ದೆ ಹೋಗಿದ್ದಳು. ನಾನು ವೈನಿಯ ಮನೆಯಲ್ಲಿ ಉಪ್ಪಿಟ್ಟು ಮಾಡಿಟ್ಟುಕೊಂಡು ಕಾಯುತ್ತಿದ್ದೆ. ಕಾರಿನ ಸದ್ದು ಕೇಳಿ ಬಾಗಿಲಿಗೆ ಬಂದೆ. ವೈನಿ ಎಂಜಿನ್ ಆರಿಸಿ, ಮಾತಾಡಬೇಡ ಎಂದು ನನಗೆ ಸನ್ನೆ ಮಾಡಿದರು. ಅವಳಾಗಿ ಏಳುವವರೆಗೂ ಎಬ್ಬಿಸದೆ, ಕಿಟಕಿಯ ಗಾಜು ಇಳಿಸಿ, ಕಾರಿನಲ್ಲೇ ಅವಳ ಪಕ್ಕದಲ್ಲಿ ಕುಳಿತಿದ್ದರು.